ದುಂಡು ತೆಪ್ಪದ ಹಿಂದುಮುಂದು

ಊಟದ ತಟ್ಟೆಯಲ್ಲಿ ಮುಳ್ಳು ಸಿಕ್ಕರೆ ನನಗೆ ಬೇಸರವಿಲ್ಲ, ಅದು ಮೀನಿನ ಹುಟ್ಟುಗುಣ. ಆದರೆ ಅದರ ಹೊರಮೈಯ ಹುರುಪೆ ಸಿಕ್ಕಿತೋ, ಪಿತ್ತ ನೆತ್ತಿಗೇರುತ್ತದೆ. ಹುರುಪೆ ಉಳಿದಿದೆಯೆಂದರೆ ಹಸನು ಮಾಡಿದವರು ಸೋಮಾರಿಗಳು ಎಂದು, ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಹೆಂಗಸಿಗೆ ಸಹಜವಾದ ಹಟದಿಂದ ನಂಬಿಕೊಂಡಿದ್ದೆ. ನಮ್ಮವರ ಬಾಲ್ಯದ ಗೆಳೆಯ ಫಕೀರಪ್ಪಣ್ಣ ಸಂತೆಯ ದಿನ ತಪ್ಪದೆ ಸನವಳ್ಳಿಯಿಂದ ಮುಂಡಗೋಡಿನ ನಮ್ಮ ಮನೆಗೆ ಮೀನು ತರುತ್ತಾನೆ, ಹಸನು ಮಾಡಿ, ಸಾಗವಾನಿ ಎಲೆಯಲ್ಲಿ ಸುತ್ತಿ. ಮೊದಲೆಲ್ಲ ಬೆಣ್ಣೆಯಂತೆ ನುಣ್ಣಗಿರುತ್ತಿದ್ದ ಆ ಮೀನಿನ ಮೈಮೇಲೆ ಎರಡು ವರ್ಷದಿಂದ ಅಲ್ಲೊಂದು ಇಲ್ಲೊಂದು ಹುರುಪೆ ಉಳಿಯತೊಡಗಿದ್ದವು. ನಾನು ಪ್ರತಿ ವಾರ ಒಂದು ಚುಚ್ಚುಮಾತು ಆಡುತ್ತಿದ್ದೆ, ಅವನು ತಲೆ ಕೆರೆದುಕೊಂಡು ನಗುತ್ತಿದ್ದ.

ಸನವಳ್ಳಿ ಜಲಾಶಯದಲ್ಲಿ ಬಲೆ ಹಾಕುವವರು ಬಹಳ ಮಂದಿ, ತೆಪ್ಪಗಳು ನಾಲ್ಕೇ. ಹಾಗಾಗಿ ಇಬ್ಬಿಬ್ಬರು ಪಾಳಿಯ ಮೇಲೆ ನೀರಿಗಿಳಿಯುತ್ತಾರೆ. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ನೀರು ನೋಡಬೇಕು. ನೀರು ನೋಡುವುದೆಂದರೆ, ತಳದ ಕೆಸರು ಕೆದಕುವ ಮೀನುಗಳಿಂದ ಮೇಲೇಳುವ ಸಣ್ಣ ಗುಳ್ಳೆಗಳ ಸಾಲು ಗುರುತಿಸಿ ಬಲೆ ಎಲ್ಲಿ ಬೀಳಬೇಕೆಂದು ಹೇಳುವುದು. ಈ ವಿದ್ಯೆಯಲ್ಲಿ ಫಕೀರಪ್ಪಣ್ಣನನ್ನು ಮೀರಿಸಿದವರಿರಲಿಲ್ಲ. ಅಂಥವನ ಬಲೆ ಈಚೆಗೆ ಬರಿದಾಗಿಯೇ ಮೇಲೆ ಬರುತ್ತಿತ್ತು. ಮಳೆಗಾಲ ಹಿಡಿಯುವ ತನಕ ನೋಡುತ್ತೇವೆ, ಆಮೇಲೂ ಹೀಗೇ ಆದರೆ ನೀನು ದಂಡೆಯಲ್ಲಿ ಕುಳಿತು ಹರಿದ ಬಲೆ ಹೊಲಿ ಎಂದು ಜೊತೆಯವರು ಹೇಳಿಬಿಟ್ಟರಂತೆ. ನಲವತ್ತು ವರ್ಷ ನೀರಿನ ಮೇಲಿದ್ದವನು ನಮ್ಮ ಕಟ್ಟೆಯ ಮೇಲೆ ಕೂತು ಇದನ್ನು ಹೇಳುವಾಗಲೂ ನಕ್ಕ, ಕೈಯಲ್ಲಿನ ಚಹಾ ಮಾತ್ರ ಹಾಗೇ ಆರಿಹೋಯಿತು.

ನಮ್ಮವರು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಮೆಕ್ಯಾನಿಕ್. ಲೋಕದ ಸಕಲ ಸಂಕಟಕ್ಕೂ ಒಂದು ಯಂತ್ರವಿದೆ, ಯಂತ್ರದ ಸಂಕಟಕ್ಕೆ ತಾವಿದ್ದೇವೆ ಎಂಬುದು ಅವರ ಸಿದ್ಧಾಂತ. ಗೆಳೆಯನನ್ನು ತೆಪ್ಪದಿಂದ ಇಳಿಯಗೊಡುವುದಿಲ್ಲವೆಂದು ಶಪಥ ಮಾಡಿ ಫೋನು ಹಿಡಿದು ಕೂತರು. ಫಿಶ್ ಫೈಂಡರ್ ಎಂಬುದೊಂದಿದೆಯಂತೆ: ನೀರಿಗೆ ಇಳಿಬಿಟ್ಟ ಕರಿಯ ಬಿಲ್ಲೆ ತಳದ ಕಡೆಗೆ ಸದ್ದು ಕಳಿಸುತ್ತದೆ, ಮೀನಿಗೆ ಬಡಿದು ಮರಳಿದ ಸದ್ದನ್ನು ಪರದೆಯ ಮೇಲೆ ಚಿತ್ರ ಮಾಡಿ ತೋರಿಸುತ್ತದೆ, ಜೊತೆಗೆ ಟುಂಯ್ ಎನ್ನುತ್ತದೆ.

ಓದುಗ ಮಿತ್ರರೇ, ಹೆಣ್ಣು ನೋಡಿ ಮದುವೆ ನಿಶ್ಚಯಿಸುವುದಕ್ಕೂ ನಮ್ಮವರು ಇಷ್ಟು ದಿನ ತೆಗೆದುಕೊಂಡಿರಲಿಲ್ಲ. ಒಂದು ಯಂತ್ರ ಸಾವಿರ ಅಡಿ ಆಳ ನೋಡುತ್ತದೆ ಎಂದು ಅದಕ್ಕೆ ಮನಸೋತರು. ಬೇಸಿಗೆಯಲ್ಲಿ ನಮ್ಮ ಜಲಾಶಯದ ಅರ್ಧ ಭಾಗವನ್ನು ಎಮ್ಮೆಗಳು ಹೊಟ್ಟೆ ತೋಯದಂತೆ ದಾಟುತ್ತವೆ ಎಂಬುದನ್ನು ನಾನು ನೆನಪಿಸಬೇಕಾಯಿತು. ಇನ್ನೊಂದಕ್ಕೆ ನಡುಗಡಲಿನಲ್ಲಿ ದಾರಿ ತಪ್ಪದಿರಲು ಉಪಗ್ರಹದ ನಕಾಶೆಯಿತ್ತು. ಸನವಳ್ಳಿಯಲ್ಲಿ ನಡುನೀರಿನಲ್ಲಿ ನಿಂತರೆ ಯಾರ ಮನೆಯಲ್ಲಿ ಒಲೆ ಹೊತ್ತಿದೆ ಎಂಬುದೂ ಕಾಣುತ್ತದೆ. ಹಳಿಯಾಳದ ಗ್ಯಾರೇಜಿನವರು, ದಾಂಡೇಲಿಯ ಮಿಲ್ಲಿನ ನೆಂಟರು, ಎಲ್ಲರೂ ಫೋನಿನಲ್ಲಿ ಸಲಹೆ ಕೊಟ್ಟರು. ಕೊನೆಗೆ ರಾಮನಗರದ ಅಂಗಡಿಕಾರನೊಬ್ಬ ಗೋವಾದಲ್ಲಿ ಇಂಥ ಯಂತ್ರವಿದ್ದ ದೋಣಿ ಏರಿದ್ದೇನೆ, ಇದನ್ನೇ ಕೊಳ್ಳಿ ಎಂದದ್ದೇ ವೇದವಾಕ್ಯವಾಯಿತು. ಏರಿದ್ದು ಪ್ರವಾಸಿಯಾಗಿ ಎಂದು ಆಮೇಲೆ ತಿಳಿಯಿತು.

ಯಂತ್ರ ಬಂದು ನಮ್ಮ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ವಿರಾಜಮಾನವಾಯಿತು. ಹಳೆಯ ಬೈಕಿನ ಬ್ಯಾಟರಿಗೆ ಜೋಡಿಸಿದೊಡನೆ ನೀಲಿ ಪರದೆಯಲ್ಲಿ ಮೀನುಗಳು ಸಾಲುಗಟ್ಟಿ ಬಂದವು. ಒಣ ನೆಲದಲ್ಲಿ ಮೀನೆಲ್ಲಿಂದ ಎಂದೆ. ಅದು ಡೆಮೊ, ಅಂಗಡಿಯಲ್ಲಿ ಗಿರಾಕಿಗೆ ತೋರಿಸಲು ಇಟ್ಟ ಸುಳ್ಳು ಮೀನು ಎಂದು ಇವರೇ ವಿವರಿಸಿದರು. ವಾರವಿಡೀ ಓಣಿಯ ಜನ ಬಂದು ನಮ್ಮ ಜೋಳದ ಹಿಟ್ಟಿನ ಮೇಲೆ ಈಜುವ ಮೀನು ನೋಡಿ, ಚಹಾ ಕುಡಿದು ಹೋದರು.

ಅದನ್ನು ತೆಪ್ಪಕ್ಕೆ ಕೂಡಿಸುವುದು ಶುರುವಾದಾಗ ನಿಜವಾದ ಪೇಚು. ಬಿಲ್ಲೆಯನ್ನು ದೋಣಿಯ ಹಿಂಭಾಗದಲ್ಲಿ, ಬಲಮಗ್ಗುಲಿಗೆ ಕೂಡಿಸತಕ್ಕದ್ದು ಎಂದು ಕೈಪಿಡಿ ಹೇಳುತ್ತದೆ. ನಮ್ಮ ತೆಪ್ಪವೋ ರೊಟ್ಟಿಯ ಬುಟ್ಟಿಯಂತೆ ದುಂಡಗಿದೆ. ಅದಕ್ಕೆ ಹಿಂದು ಯಾವುದು, ಮುಂದು ಯಾವುದು? ಎಡಬಲಗಳು ಕೂತವನಿಗಿವೆಯೇ ಹೊರತು ತೆಪ್ಪಕ್ಕಿಲ್ಲ. ದಂಡೆಯಲ್ಲಿ ಮಧ್ಯಾಹ್ನದ ತನಕ ಚರ್ಚೆ ನಡೆದು, ನಮ್ಮವರು ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ‘ಹಿಂದೆ’ ಎಂದು ಬರೆದು ಬಿಲ್ಲೆ ಕೂಡಿಸಿದರು. ನೀರಿಗಿಳಿದ ತೆಪ್ಪ ಎರಡು ಸುತ್ತು ತಿರುಗಿತು, ‘ಹಿಂದೆ’ ಎಂಬುದು ಮುಂದೆ ಬಂದು ದಂಡೆಯವರಿಗೆ ದರ್ಶನ ಕೊಟ್ಟು ಹೋಯಿತು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

ಅಂದು ಮುಂಜಾನೆಯಿಂದ ಉಳಿದ ಮೂರು ತೆಪ್ಪದವರೂ ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ಫಕೀರಪ್ಪಣ್ಣ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಟುಂಯ್ ಎಂದಲ್ಲೆಲ್ಲ ಕೈ ತೋರಿಸಿದ, ನಮ್ಮವರು ಹುಟ್ಟು ಹಾಕಿದರು, ಬಲೆ ಬಿತ್ತು, ಬರಿದಾಗಿ ಎದ್ದಿತು. ಯಂತ್ರ ಮತ್ತೆ ಟುಂಯ್ ಎಂದಿತು. ಹತ್ತು ಸಲ ಹೀಗಾದ ಮೇಲೆ ಇಬ್ಬರೂ ದಂಡೆಗೆ ಬಂದರು, ತೆಪ್ಪವನ್ನು ಮೇಲೆಳೆದು ಬೋರಲು ಹಾಕಿದರು. ಒಣಗಿದ ಹುಲ್ಲಿನ ಮೇಲೆ ಕೂತಿದ್ದ ಯಂತ್ರದಲ್ಲಿ ಮೀನುಗಳು ಆಗಲೂ ಸಾಲುಗಟ್ಟಿ ಹೋಗುತ್ತಿದ್ದವು. ಡೆಮೊ ಬಂದ್ ಮಾಡಿಯೇ ಇರಲಿಲ್ಲ!

“ಇನ್ನ ನೀರಿಗ್ಯಾಕ ಇಳೀಬೇಕು, ಬಲಿ ಇಲ್ಲೇ ಹುಲ್ಲಿನ ಮ್ಯಾಲೆ ಬೀಸೂಣು ಬರ್ರಿ” ಎಂದ ಒಬ್ಬ. ದಂಡೆಯೆಲ್ಲ ನಕ್ಕಿತು, ನಮ್ಮವರ ಕಿವಿ ಕೆಂಪಾಯಿತು. ನಗದೆ ಇದ್ದವನು ಫಕೀರಪ್ಪಣ್ಣ ಒಬ್ಬನೇ. ನನ್ನ ಹತ್ತಿರ ಸರಿದು, ಆ ಮೀನು ಹೇಗೆ ಕಾಣುತ್ತವೆ ಎಂದು ಮೆಲ್ಲಗೆ ಕೇಳಿದ. ಇಗೋ ನೋಡಣ್ಣಾ ಎಂದು ಯಂತ್ರ ಎತ್ತಿ ಹಿಡಿದೆ. ಅವನು ನೋಡಿದ್ದು ಪರದೆಯನ್ನಲ್ಲ, ಅದರಿಂದ ಒಂದು ಗೇಣು ಆಚೆಗೆ. ಎರಡು ವರ್ಷದ ಹುರುಪೆಗಳೆಲ್ಲ ಆ ಕ್ಷಣ ನೆನಪಾದವು, ಕಣ್ಣು ಕಾಣುವುದಿಲ್ಲವೇನಣ್ಣಾ ಎಂದು ಕೇಳಿದೆ.

“ಎರಡ ವರ್ಷ ಆತ್ರಿ ಅಕ್ಕಾರ. ಗುಳ್ಳಿ ದೂರ ಉಳೀತು, ಈಗ ನಿಮ್ಮ ಮಾರೀನೂ ಮಬ್ಬ ಕಾಣ್ತೈತಿ. ಯಾರ ಮುಂದನೂ ಹೇಳಬ್ಯಾಡ್ರಿ, ತೆಪ್ಪದಿಂದ ಇಳಸಿಬಿಡ್ತಾರ.”

ಕಣ್ಣು ಕಾಣದವನ ಕೈಗೆ ಕಣ್ಣಿಟ್ಟು ನೋಡುವ ಯಂತ್ರ ಕೊಟ್ಟ ನಮ್ಮ ಜಾಣತನಕ್ಕೆ ಏನೆನ್ನಲಿ! ಮೀನು ಹುಡುಕಲು ಇಷ್ಟು ಜನ ತಲೆ ಕೆಡಿಸಿಕೊಂಡೆವು, ಎದುರಿಗೆ ಚಹಾ ಕುಡಿಯುತ್ತ ಕೂತವನ ಕಣ್ಣಿನಲ್ಲಿ ಬೆಳ್ಳಗೆ ಕೂತ ಪೊರೆ ಒಬ್ಬರಿಗೂ ಕಾಣಲಿಲ್ಲ. ನಮ್ಮವರದು ಯಂತ್ರದ ಹುಚ್ಚು ಎಂದು ಇಲ್ಲಿಯ ತನಕ ನಗೆಯಾಡಿದೆನಲ್ಲ, ಸೋಮಾರಿ ಎಂದು ಅವನನ್ನು ಪ್ರತಿ ವಾರ ಚುಚ್ಚಿದವಳು ನಾನು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಯಾರ ಮುಂದೆಯೂ ಹೇಳಬೇಡ ಎಂದಿದ್ದ. ಗಂಡನನ್ನು ಆ ‘ಯಾರು’ಗಳ ಪಟ್ಟಿಗೆ ಸೇರಿಸದೆ ಮನೆಗೆ ಬಂದೊಡನೆ ಹೇಳಿಬಿಟ್ಟೆ. ಅವರು ರೂಢಿಯಂತೆ ಫೋನು ತೆಗೆದು ಯಾವ ಆಸ್ಪತ್ರೆಯ ಯಂತ್ರ ಒಳ್ಳೆಯದೆಂದು ಹುಡುಕಲು ಕೂತರು. ಫೋನು ಕಸಿದುಕೊಂಡು ಹಿಟ್ಟಿನ ಡಬ್ಬಿಯೊಳಗಿಟ್ಟೆ. ಮರುದಿನ ಮುಂಜಾನೆ ಗೆಳೆಯರಿಬ್ಬರೂ ಕಣ್ಣಿನ ಆಸ್ಪತ್ರೆಗೆಂದು ಹುಬ್ಬಳ್ಳಿ ಬಸ್ಸಿನಲ್ಲಿದ್ದರು.

ಪೊರೆ ತೆಗೆದು ಪಟ್ಟಿ ಬಿಚ್ಚಿದ ದಿನ ನಾನೂ ಹೋಗಿದ್ದೆ. ಫಕೀರಪ್ಪಣ್ಣ ಗೋಡೆ ನೋಡಿದ, ಕಿಟಕಿ ನೋಡಿದ, ಕೊನೆಗೆ ನಮ್ಮವರ ಮುಖದ ಮೇಲೆ ಕಣ್ಣು ನೆಟ್ಟ.

“ದಸ್ತಗೀರಾ, ಗಡ್ಡ ಯಾವಾಗ ಇಷ್ಟ ಬೆಳ್ಳಗಾತೋ?”

ನಮ್ಮವರು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಮಳೆ ಹಿಡಿಯುವ ಮೊದಲೇ ಅವನ ಬಲೆ ತುಂಬತೊಡಗಿತು, ಪಾಳಿ ಅವನದಾಗಿಯೇ ಉಳಿಯಿತು. ಯಂತ್ರದ ಡೆಮೊ ಬಂದ್ ಮಾಡಿ ನಮ್ಮವರು ಇನ್ನೊಮ್ಮೆ ನೀರಿಗಿಳಿಸಿದರು. ಈ ಸಲ ಅದು ಇದ್ದಷ್ಟೇ ಮೀನು ತೋರಿಸಿತಾದ್ದರಿಂದ ಯಾರೂ ಅದನ್ನು ಮೆಚ್ಚಲಿಲ್ಲ. ಈಗ ಮತ್ತೆ ಹಿಟ್ಟಿನ ಡಬ್ಬಿಯ ಮೇಲೆ ಧೂಳು ತಿನ್ನುತ್ತಿದೆ.

ಮೊನ್ನೆ ಸಂತೆಯ ದಿನ ಫಕೀರಪ್ಪಣ್ಣ ಪಾಳಿಯ ಅವಸರದಲ್ಲಿ ಮೀನನ್ನು ಹಾಗೇ ಕೊಟ್ಟು ಓಡಿದ, ನಾನೇ ಹಸನು ಮಾಡಿದೆ. ಊಟಕ್ಕೆ ಕೂತಾಗ ನಮ್ಮವರ ತಟ್ಟೆಯಲ್ಲಿ ಒಂದು ಹುರುಪೆ ಬಂತು. ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು, ಆಮೇಲೆ ಊಟ ಬಿಟ್ಟು ನನ್ನ ಕಣ್ಣನ್ನೇ ನೋಡುತ್ತ ಕೂತರು. ಫೋನು ತೆಗೆಯಲಿಲ್ಲ.

ಏನಿಲ್ಲ, ಅದು ನನ್ನ ಸೋಮಾರಿತನ ಎಂದೆ.

“ಇರಲಿ, ನಾಳೆ ಹುಬ್ಬಳ್ಳಿಗೆ ಹೋಗೂಣು” ಅಂದರು.