ಎಮ್ಮೆಯ ಬಾಯಿಗೆ ಕೈ ಹಾಕಿದ ಕೆಂಪ

ತಂಗಿ ಸಾವಿತ್ರಿ, ನಿನ್ನ ಮಂಡಿನೋವು ಹೇಗಿದೆ? ಭಾವನವರು, ಪುಟ್ಟಿ ಚೆನ್ನಾಗಿದ್ದಾರಷ್ಟೆ?

ಬೆಳಿಗ್ಗೆ ನಮ್ಮ ಎಮ್ಮೆ ನೀರು ಕುಡಿಯಲಾರದೆ ಜೊಲ್ಲು ಸುರಿಸುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ನಮ್ಮ ತಮ್ಮ ಕೆಂಪ ಬಾಯೊಳಗೆ ಕೈ ಹಾಕಿ ತಡಕಿದ. ಹಲ್ಲು ಗೀರಿ ರಕ್ತ ಬಂತು.

ಸಂತೆಬಾಚಹಳ್ಳಿಯಿಂದ ಬಂದ ದನದ ಡಾಕ್ಟರು ಕೇಳಿದರು: "ಇದಕ್ಕೆ ನಾಯಿ ಕಚ್ಚಿತ್ತಾ?"

ಕಚ್ಚಿತ್ತು. ಅರಿಶಿನ ಮೆತ್ತಿ ಮರೆತಿದ್ದೆವು.

"ಹುಚ್ಚುನಾಯಿ ರೋಗ ಇರ್ಬೇಕು. ಸೋಪು ಹಾಕಿ ಕೈ ಚೆನ್ನಾಗಿ ತೊಳೆಸಿ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ."

"ಹೊಕ್ಕುಳ ಸುತ್ತ ಚುಚ್ತಾರಂತೆ, ನಾ ಬರಾಕಿಲ್ಲ ಕಣಣ್ಣ," ಎಂದ ಕೆಂಪ.

"ಎಮ್ಮೆ ಬಾಯಿಗೆ ಕೈ ಆಕ್ವಾಗ ಇಲ್ದಿದ್ದ ಭಯ ಸೂಜಿಗ್ಯಾಕ್ಲಾ?" ಎಂದು ಬಸ್ಸು ಹತ್ತಿಸಿದೆ. ಮೊದಲ ಸೂಜಿ ಆಯಿತು.

ಈಗ ಅವನು ಚೊಂಬು ಎತ್ತಿದರೆ, ನೀರು ಇಳಿಯುತ್ತದೋ ಇಲ್ಲವೋ ಎಂದು ಮನೆಯವರೆಲ್ಲ ಅವನ ಗಂಟಲನ್ನೇ ನೋಡುತ್ತೇವೆ. ಪಾಪ, ನಮ್ಮ ಸಮಾಧಾನಕ್ಕೆಂದು ಬಾಯಾರದಿದ್ದರೂ ಕುಡಿಯುತ್ತಿದ್ದಾನೆ. ಬೇಗ ಕಾಗದ ಬರೆ.