ನಿಂಗಯ್ಯನ ಗದ್ದೆಯ ಮೇಲಿನ ಗಾಳಿ

ಶ್ರೀರಾಂಪುರ ದಾಟಿ ದಕ್ಷಿಣಕ್ಕೆ ಹೊರಟರೆ ಈಗ ಅನುಪಮಾಗೂ ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಅಡ್ಡರಸ್ತೆಗಳೆಲ್ಲ ಒಂದರಂತೆ ಒಂದು. ಗೇಟು, ಕಾರು, ನೀರಿನ ಸಂಪು, ಅದೇ ಬಣ್ಣದ ಗೋಡೆ. ಅವಳು ಮೊದಲ ಸಲ ಇಲ್ಲಿಗೆ ಬಂದಾಗ ದಾರಿ ತಪ್ಪುವ ಮಾತೇ ಇರಲಿಲ್ಲ. ಕೆರೆ ಏರಿ ಇಳಿದರೆ ಎದುರಿಗೇ ನಿಂಗಯ್ಯನ ಗದ್ದೆ.

ಆಗ ಅವಳು ಪುಣೆಯಲ್ಲಿ ಓದು ಮುಗಿಸಿ ಮೈಸೂರಿಗೆ ಮರಳಿ ಪಾಠ ಹೇಳಲು ಸೇರಿದ್ದಳು. ಅಪ್ಪ ಚಿಕ್ಕಮಾದಯ್ಯ ನಂಜನಗೂಡು ಕಡೆಯ ಹಳ್ಳಿಯಿಂದ ಬಂದು ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು. ಅವ್ವ ಸಾಕಮ್ಮ ಮೈಸೂರಿಗೆ ಬಂದ ಮೇಲೂ ಎಷ್ಟೋ ವರ್ಷ ಮಳೆಗಾಲದಲ್ಲಿ ನಾಟಿಯ ಕೂಲಿಗೆ ಹೋಗುತ್ತಿದ್ದಳು. ಮಗಳು ಹಿಡಿದ ಕೆಲಸ ಏನೆಂದು ನೆಂಟರು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ನೆಲಕ್ಕೂ ಗಾಳಿಗೂ ನಡುವೆ ನಡೆಯುವ ಕೊಡುಕೊಳ್ಳುವ ವ್ಯವಹಾರವನ್ನು ಅಳೆಯುವುದು ಅವಳ ಕೆಲಸ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಗಾಳಿಯನ್ನು ಕಾಯಿಸುತ್ತದೆ, ಎಷ್ಟು ಪಾಲು ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಪೈರು ಗಾಳಿಯಿಂದ ಎಷ್ಟು ಇಂಗಾಲ ಎಳೆದುಕೊಳ್ಳುತ್ತದೆ, ಕತ್ತಲಾದ ಮೇಲೆ ಎಷ್ಟನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಒಂದೇ ಬೆಳೆಯ ಅಗಲವಾದ ಬಯಲು ಬೇಕು, ಗಾಳಿ ಬೀಸುವ ಪಡುವಣ ದಿಕ್ಕಿನಲ್ಲಿ ಅಡ್ಡ ಏನೂ ಇರಬಾರದು. ಅಂಥ ಜಾಗ ಹುಡುಕುತ್ತಲೇ ಅವಳು ನಿಂಗಯ್ಯನ ಬದುವಿನ ಮೇಲೆ ಬಂದು ನಿಂತದ್ದು.

ಅಲ್ಲೊಂದು ಕಬ್ಬಿಣದ ಗೋಪುರ ನಿಲ್ಲಿಸಲು ನಿಂಗಯ್ಯ ಮೊದಲು ಒಪ್ಪಲಿಲ್ಲ. ಮೊಬೈಲ್ ಟವರ್ ಇರಬೇಕೆಂದು ಅವನ ಅನುಮಾನ. ಅನುಪಮಾ ಬದುವಿನ ಮೇಲೆ ಕೂತು, ಇದು ಏನನ್ನೂ ಕಳಿಸುವುದಿಲ್ಲ, ಗದ್ದೆ ಉಸಿರಾಡುವುದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದಳು. ಅವನು ನಕ್ಕು, ಗದ್ದೆ ಉಸಿರಾಡ್ತದೆ ಅನ್ನೋದಕ್ಕೆ ಇಷ್ಟು ಕಬ್ಬಿಣ ಬೇಕಾ ಎಂದ. ಆದರೂ ನಾಲ್ಕು ಗೂಟ ಹೊಡೆಯುವಷ್ಟು ಜಾಗ ಬಿಟ್ಟುಕೊಟ್ಟ.

ಗೋಪುರ ಎದ್ದಿತು. ತುದಿಯಲ್ಲಿ, ಗಾಳಿ ಮೇಲೇಳುವುದನ್ನೂ ಕೆಳಗಿಳಿಯುವುದನ್ನೂ ಶಬ್ದದಿಂದ ಹಿಡಿಯುವ ಸಾಧನ. ಅದರ ಪಕ್ಕದಲ್ಲಿ ಅದೇ ಗಾಳಿಯ ಇಂಗಾಲವನ್ನೂ ಆವಿಯನ್ನೂ ಅಳೆಯುವ ಇನ್ನೊಂದು. ವಾರಕ್ಕೊಮ್ಮೆ ಅನುಪಮಾ ಏಣಿ ಹತ್ತಿ ಅವುಗಳ ಮೇಲಿನ ಜೇಡರ ಬಲೆ ತೆಗೆಯುವಳು, ಅವುಗಳ ಗಾಜಿನ ಕಣ್ಣು ಒರೆಸುವಳು. ಮೇಲಿನಿಂದ ನೋಡಿದರೆ ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಕೆರೆಯ ನೀರು, ಕೆಳಗೆ ಎಳೆ ಪೈರಿನ ಹಸಿರು. ಅಷ್ಟು ಸುಖದ ಕೆಲಸ ಮತ್ತೆ ತನಗೆ ಸಿಗಲಿಲ್ಲ ಎಂದು ಅವಳು ಈಗಲೂ ವಿದ್ಯಾರ್ಥಿಗಳಿಗೆ ಹೇಳುತ್ತಾಳೆ.

ನಿಂಗಯ್ಯನ ಹೆಂಡತಿ ಚಾಮುಂಡಮ್ಮ, ಅನುಪಮಾ ಬಂದ ಹೊಸತರಲ್ಲಿ, ಯಾವ ಪೈಕಿ ಎಂದು ಕೇಳಿದ್ದಳು. ಅನುಪಮಾ ಮುಚ್ಚಿಡಲಿಲ್ಲ. ಅಂದಿನಿಂದ ಕಾಫಿ ಜಗುಲಿಗೇ ಬರುತ್ತಿತ್ತು, ಬೇರೆ ಲೋಟದಲ್ಲಿ. ಮಾತಿನಲ್ಲಿ ಮಾತ್ರ ಕೊರತೆ ಇರಲಿಲ್ಲ. ಅನುಪಮಾ ಅದನ್ನು ಗಮನಿಸಿದಳು, ಕಾಫಿ ಕುಡಿದಳು, ಲೋಟ ತೊಳೆದಿಟ್ಟಳು. ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ. ಗಂಡ ಅಮರ್‌ಗೆ ಹೇಳಿದ್ದರೆ ಅವನು ಗೋಪುರವನ್ನೇ ಕಿತ್ತುಕೊಂಡು ಬಾ ಅನ್ನುತ್ತಿದ್ದ.

ಎರಡನೆಯ ವರ್ಷ ನಾಟಿಯ ಹೊತ್ತಿಗೆ ಸಾಕಮ್ಮ ಮಗಳ ಗೋಪುರ ನೋಡಬೇಕೆಂದು ಹಟ ಹಿಡಿದಳು. ಸ್ಕೂಟರ್ ಹಿಂದೆ ಕೂತು ಬಂದಳು. ಪ್ಯಾಂಟು ತೊಟ್ಟ ಮಗಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಸರಸರನೆ ಮೇಲೆ ಹತ್ತಿದ್ದನ್ನು ನೋಡಿ, ಬೀಳ್ತೀಯ ಕಣೇ ಎಂದು ಒಂದು ಸಲ ಗದರಿದಳು. ಆಮೇಲೆ ಅವಳ ಕಣ್ಣು ಗೋಪುರದ ಮೇಲೆ ನಿಲ್ಲಲಿಲ್ಲ. ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಾಟಿ ಹಾಕುತ್ತಿದ್ದರು. ಸಾಲಿನ ಒಂದು ಕೊನೆ ಹಿಂದೆ ಬಿದ್ದಿತ್ತು. ಅನುಪಮಾ ಮೇಲಿನಿಂದ ನೋಡುತ್ತಿದ್ದಂತೆಯೇ ಅವ್ವ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಸರಿಗೆ ಇಳಿದೇಬಿಟ್ಟಳು. ಪೈರಿನ ಕಟ್ಟು ಬಿಚ್ಚಿ ಹಿಂದೆ ಹಿಂದೆ ಸರಿಯುತ್ತ ನೆಟ್ಟಳು. ಸ್ವಲ್ಪ ಹೊತ್ತಿಗೆ ಪದ ಎತ್ತಿಕೊಂಡಳು. ಉಳಿದವರು ಸೊಲ್ಲು ಕೂಡಿಸಿದರು. ಮಗಳು ಸಾಧನ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಏಣಿಯ ಮೇಲೆಯೇ ನಿಂತುಬಿಟ್ಟಳು. ಹುಡುಗಿಯಾಗಿದ್ದಾಗ ಅವ್ವ ಸಂಜೆ ಬರುವಾಗ ತರುತ್ತಿದ್ದ ಕೆಸರಿನ ವಾಸನೆ ಅಷ್ಟು ಎತ್ತರಕ್ಕೂ ಬಂದಿತ್ತು.

ಊಟದ ಹೊತ್ತಿಗೆ ಚಾಮುಂಡಮ್ಮ ಬುತ್ತಿ ಹೊತ್ತು ಬಂದಳು. ಸಾಕಮ್ಮ ಬದುವಿನ ಮೇಲೆ, ಉಳಿದವರಿಂದ ತುಸು ದೂರ, ರೂಢಿಯಂತೆ ಕೂತಳು. ಚಾಮುಂಡಮ್ಮ ಅವಳನ್ನು ನೋಡಿದಳು. ಮಂಡಿಯವರೆಗೆ ಕೆಸರು, ತಲೆಯ ಮೇಲೆ ಟವೆಲು.

"ಅಲ್ಯಾಕೆ ಕುಂತಿದ್ದೀಯವ್ವ," ಎಂದಳು. "ನಮ್ ಗದ್ದೆ ನೆಟ್ಟೋಳು ನೀನು. ಮನೇಗೆ ಬಾ, ಒಟ್ಗೆ ಉಣ್ಣಮ."

ಆ ದಿನ ಅಡಿಗೆಮನೆಯಲ್ಲಿ ಅನುಪಮಾ ಸೇರಿ ಮೂವರೂ ಸಾಲಾಗಿ ಕೂತು ಮುದ್ದೆ, ಉಪ್ಸಾರು ಉಂಡರು. ಆಮೇಲೆ ಸಾಕಮ್ಮನೂ ಚಾಮುಂಡಮ್ಮನೂ ಎಲೆ ಅಡಿಕೆ ಹಾಕಿಕೊಂಡು ಮಂಡಿ ನೋವಿನ ವಿಷಯ ಮಾತಾಡುತ್ತ ಕೂತರು. ಬೇರೆ ಲೋಟ ಮತ್ತೆ ಹೊರಗೆ ಬರಲಿಲ್ಲ.

ಹೀಗೆ ಹತ್ತಾರು ವರ್ಷ ನಡೆಯಿತು. ಊರು ಮೊದಲು ಮೂಡಣದಿಂದ ಬಂತು. ಗಾಳಿ ಪಡುವಣದಿಂದ ಬೀಸುವುದರಿಂದ ಅನುಪಮಾ ಚಿಂತೆ ಮಾಡಲಿಲ್ಲ. ಸಾಕಮ್ಮ ತೀರಿಕೊಂಡಳು. ನಿಂಗಯ್ಯನಿಗೆ ಬಗ್ಗಲು ಆಗದಾಯಿತು. ಕೆರೆಗೆ ಬರುತ್ತಿದ್ದ ನೀರಿನ ದಾರಿಗಳು ಮುಚ್ಚಿ ಒಂದು ಬೆಳೆಯೂ ಕಷ್ಟವಾಯಿತು. ಪಡುವಣದ ಕಡೆಯೂ ಸೈಟಿನ ಕಲ್ಲು ನೆಟ್ಟರು. ಕೊನೆಗೆ ನಿಂಗಯ್ಯನ ಅಣ್ಣತಮ್ಮಂದಿರೆಲ್ಲ ಸೇರಿ ಗದ್ದೆಯನ್ನು ಲೇಔಟ್ ಮಾಡಲು ಒಪ್ಪಿದರು. ನಿಂಗಯ್ಯನೇ ಬಂದು ಹೇಳಿದ.

"ಬೇಜಾರು ಮಾಡ್ಕಬ್ಯಾಡ ಕಣವ್ವ. ನಂಗೂ ಹೊಟ್ಟೆ ಉರೀತದೆ. ಏನ್ಮಾಡದು, ನೀರೇ ಇಲ್ವಲ್ಲ."

ಗೋಪುರ ಬಿಚ್ಚಿದ ದಿನ ಅನುಪಮಾ ಮನೆಗೆ ಬಂದು ಅಡಿಗೆ ಮಾಡಲಿಲ್ಲ. ಬೇರೆ ಗದ್ದೆ ನೋಡಿಕೊಳ್ಳಿ, ಕಟ್ಟಡದ ಗಾಳಿ ಬೆರೆತ ಲೆಕ್ಕ ಯಾರಿಗೂ ಬೇಡ ಎಂದು ಬಲ್ಲವರೆಲ್ಲ ಬುದ್ಧಿ ಹೇಳಿದರು. ಅವಳೂ ತಿಂಗಳುಗಟ್ಟಲೆ ನರಸೀಪುರದ ಕಡೆ ಗದ್ದೆ ಹುಡುಕಿದಳು. ಯಾವ ಬದುವಿನ ಮೇಲೆ ನಿಂತರೂ ಮನಸ್ಸು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಅವಳಿಗೆ ಹೊಳೆಯಿತು: ಗದ್ದೆಯಾಗಿದ್ದಾಗ ಆ ನೆಲ ಹೇಗಿತ್ತೆಂದು ತನಗೆ ಗೊತ್ತು. ಅದು ಊರಾದ ಮೇಲೆ ಹೇಗಾಗುತ್ತದೆ ಎಂದು ಅಳೆಯಬಲ್ಲವಳೂ ತಾನೇ.

ಬಡಾವಣೆಯಲ್ಲಿ ಮನೆಗಳು ಏಳುವಷ್ಟರಲ್ಲಿ ನಿಂಗಯ್ಯ ತೀರಿಕೊಂಡಿದ್ದ. ಅವನ ಪಾಲಿನ ಸೈಟಿನಲ್ಲಿ ಮಗ ಮೋಹನ್ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದ. ತಾರಸಿಯ ಮೇಲೆ ಸಾಧನಗಳ ಕಂಬ ನಿಲ್ಲಿಸಲು ಅನುಪಮಾ ಕೇಳಿದಾಗ ಮೋಹನ್ ಮುಜುಗರಪಟ್ಟ. ಬಾಡಿಗೆಯವರು ಹೆದರುತ್ತಾರೆ ಮೇಡಂ, ಅಂದ. ಸೋಫಾದ ತುದಿಯಲ್ಲಿ ಕೂತಿದ್ದ ಚಾಮುಂಡಮ್ಮ ಮಗನ ಕಡೆ ತಿರುಗಿದಳು.

"ನಿಮ್ಮಪ್ಪ ಗದ್ದೇಲಿ ಜಾಗ ಕೊಟ್ಟಿದ್ದ ಕಣೋ. ನೀನು ಬರೀ ತಾರಸೀಲಿ ಕೊಡು."

ಮೋಹನ್ ಒಪ್ಪಿದ. ಕಂಬ ಎತ್ತುವ ದಿನ ಅವನೇ ಹಗ್ಗ ಹಿಡಿದ.

ಕಂಬದಿಂದ ಬಂದ ಲೆಕ್ಕ ಕಹಿಯಾಗಿತ್ತು. ಗದ್ದೆಯ ಕಾಲದಲ್ಲಿ ಬಿಸಿಲಿನ ಬಹುಪಾಲು ನೀರನ್ನು ಎತ್ತುವುದಕ್ಕೇ ಹೋಗಿ ಗಾಳಿ ತಣ್ಣಗಿರುತ್ತಿತ್ತು. ಈಗ ಗೋಡೆ, ರಸ್ತೆಗಳು ಹಗಲೆಲ್ಲ ಬಿಸಿ ನುಂಗಿ ಸಂಜೆಗೆ ಬಿಡುತ್ತಿದ್ದವು. ನಡುಹಗಲಿನಲ್ಲಿ ಇಂಗಾಲ ಹೀರಿಕೊಳ್ಳುತ್ತಿದ್ದ ನೆಲ ಈಗ ದಿನವಿಡೀ ಕೊಡುತ್ತಲೇ ಇತ್ತು. ಬೆಳಗಿನ ಹೊತ್ತು ಇಂಗಾಲ ಏರುವುದು ಎಲ್ಲಿಂದ ಎಂದು ವಿದ್ಯಾರ್ಥಿ ವಿಶ್ರುತ್ ಕೇಳಿದ. ಗ್ಯಾಸ್ ಒಲೆ, ಸ್ಕೂಲ್ ವ್ಯಾನು, ನಮ್ಮಂಥವರ ಸ್ಕೂಟರು ಎಂದಳು ಅನುಪಮಾ. ಅವಳ ಸ್ವಂತ ಮನೆಯೂ ಶ್ರೀರಾಂಪುರದಲ್ಲಿ ಯಾರದೋ ಹೊಲದ ಮೇಲೆಯೇ ನಿಂತಿತ್ತು. ಬೈಯಲು ಅವಳಿಗೆ ಯಾರೂ ಸಿಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಬಡಾವಣೆಯ ಪಾರ್ಕಿಗೆ ಪೂರ್ತಿ ಸಿಮೆಂಟು ಕಲ್ಲು ಹಾಸುವ ಮಾತು ಎದ್ದಿತು. ಸಂಘದ ಸಭೆಗೆ ಮೋಹನ್ ಅವಳನ್ನು ಕರೆದುಕೊಂಡು ಹೋದ. ಅನುಪಮಾ ಗೋಡೆಯ ಮೇಲೆ ಬಿಸಿಯ ಏರಿಳಿತದ ಎರಡೇ ಗೆರೆ ತೋರಿಸಿದಳು: ಇದೇ ಜಾಗದ ಒಂದು ಸಂಜೆ, ಗದ್ದೆಯಿದ್ದಾಗ, ಇನ್ನೊಂದು ಸಂಜೆ, ಈಗ. ಕೆಲವರು ವಾಕಿಂಗಿಗೆ ಕೆಸರಾಗುತ್ತದೆ ಎಂದು ತಕರಾರು ತೆಗೆದರು. ಜಗಳವೂ ಆಯಿತು. ಕೊನೆಗೆ ಸುತ್ತ ಒಂದು ಕಾಲುದಾರಿಗೆ ಮಾತ್ರ ಕಲ್ಲು, ಉಳಿದದ್ದು ಮಣ್ಣು, ಹೊಂಗೆ ಗಿಡ, ಹುಲ್ಲು ಎಂದು ತೀರ್ಮಾನವಾಯಿತು. ಅಷ್ಟು ಪುಟ್ಟ ಹಸಿರು ಕಂಬದ ಮೇಲಿನ ಸಾಧನಕ್ಕೆ ಗೊತ್ತೂ ಆಗುವುದಿಲ್ಲವೆಂದು ಅನುಪಮಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಅಂದು ಹಗುರಾಗಿ ಮನೆಗೆ ಬಂದಳು.

ಮಳೆ ಶುರುವಾದ ಮೇಲೆ ಗಿಡ ನೆಟ್ಟರು. ಚಾಮುಂಡಮ್ಮನನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿದ್ದರು. ಅನುಪಮಾ ಚಪ್ಪಲಿ ಬದಿಗಿಟ್ಟು ನೆಂದ ಮಣ್ಣಿನಲ್ಲಿ ಕೂತು ಸಸಿಯ ಬುಡ ಒತ್ತುತ್ತಿದ್ದಳು. ಮುದುಕಿ ನೋಡಿ, "ನಿಮ್ಮವ್ವನ ಕೈ ಬಂದದೆ ಕಣವ್ವ ನಿಂಗೆ," ಎಂದಳು. ಅನುಪಮಾ ಪಕ್ಕದ ಗುಂಡಿಗೆ ಇನ್ನೊಂದು ಸಸಿ ಕೊಡೆಂದು ಮೋಹನ್‌ಗೆ ಕೈ ಚಾಚಿದಳು.