ಅಲೋಯ್ಜಿ ತೂಗುಹಾಕಿದ ರೇಡಿಯೇಟರು

ಅಲೋಯ್ಜಿಯ ಹೆಸರು ಲಿಯೊಕಾಡಿಯಾಳ ಕಿವಿಗೆ ಮೊದಲು ಬಿದ್ದದ್ದು ಸುವಾವ್ಕಿ ಊರಿನ ಮಾಂಸದಂಗಡಿಯ ಸಾಲಿನಲ್ಲಿ. ಎಂಬತ್ನಾಲ್ಕರ ನವೆಂಬರ್ ತಿಂಗಳು. ಹಿಂದೆ ನಿಂತಿದ್ದ ನೆರೆಮನೆಯ ಯಾದ್ವಿಗಾ, "ಗಣಿ ಸೀಮೆಯಿಂದ ಬಂದಿದಾನಲ್ಲ, ಕೊಳಾಯಿ ಮೇಸ್ತ್ರಿ, ಅವನನ್ನ ಕರಿ. ಬಾಯಿ ಜಾಸ್ತಿ, ಕೈ ಪರವಾಗಿಲ್ಲ" ಅಂದಳು. ಕೈಯ ವಿಷಯದಲ್ಲಿ ಯಾದ್ವಿಗಾ ಧಾರಾಳವಾಗಿ ಮಾತಾಡಿದ್ದಳೆಂದು ಆಮೇಲೆ ತಿಳಿಯಿತು.

ಲಿಯೊಕಾಡಿಯಾಳ ಗಂಡ ಬಿಳಿಯ ಹಗುರ ಇಟ್ಟಿಗೆಯಲ್ಲಿ ಮನೆ ಎಬ್ಬಿಸಿ, ಮುಂದಿನ ಕೋಣೆ ಬೆಚ್ಚಗಾಗುವ ಮೊದಲೇ ಕಣ್ಣು ಮುಚ್ಚಿದ್ದ. ಹಾಸಿಗೆ ಹಿಡಿದ ಅತ್ತೆ ಹೋದ ಚಳಿಗಾಲವನ್ನೆಲ್ಲ ಅಡುಗೆಮನೆಯ ಹೊಗೆಯಲ್ಲಿ ಕೆಮ್ಮುತ್ತ ಕಳೆದಿದ್ದಳು. ಇನ್ನೊಂದು ಚಳಿಗಾಲ ಅಲ್ಲೇ ಮಲಗಿಸಿದರೆ ಮುದುಕಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಮುಂದಿನ ಕೋಣೆಗೆ ಬಿಸಿನೀರು ಹರಿದು ಕಾವು ಕೊಡುವ ಒಂದು ರೇಡಿಯೇಟರು ಬೇಕಿತ್ತು, ಅಷ್ಟೆ. ಅದೂ ಮನೆಯಲ್ಲೇ ಇತ್ತು, ಕೆಡವಿದ ಶಾಲೆಯಿಂದ ತಂದ ಬೀಡುಕಬ್ಬಿಣದ್ದು. ಇಬ್ಬರು ಗಂಡಸರು ಎತ್ತಿದರೆ ಮೂರನೆಯವನು ಬೈಗುಳ ಒದಗಿಸಬೇಕು, ಅಷ್ಟು ಭಾರ.

ಅಲೋಯ್ಜಿ ಹೆಂಡತಿಯ ಊರೆಂದು ಇಲ್ಲಿಗೆ ಬಂದು, ಅವಳನ್ನು ಇಲ್ಲೇ ಮಣ್ಣು ಮಾಡಿ, ಇಲ್ಲೇ ಉಳಿದವನು. ಲಿಯೊಕಾಡಿಯಾಳ ಮನೆಗೆ ಬಂದವನೇ ಗೋಡೆಯನ್ನು ಗುದ್ದಿ ನೋಡಿ, ಬರ್ಚ್ ಮರದ ಗೂಟ ಕೆತ್ತತೊಡಗಿದ.

"ನಮ್ಮ ಕಡೆ ಹೀಗೆ ಗೂಟ ಹೊಡೆದು ಕೊಕ್ಕೆ ಹಾಕಿದ್ರೆ, ಮನೆ ಬಿದ್ರೂ ಗೂಟ ಬೀಳಲ್ಲ."

"ಅದು ಕೆಂಪು ಇಟ್ಟಿಗೆ ಮೇಸ್ತ್ರಿ. ಇದನ್ನ ನಮ್ಮ ಯಜಮಾನ್ರು ಗರಗಸದಲ್ಲಿ ಕೊಯ್ತಿದ್ರು, ರೊಟ್ಟಿ ಕೊಯ್ದ ಹಾಗೆ."

"ಗೋಡೆ ಅಂದ್ರೆ ಗೋಡೆ ಅಮ್ಮಾವ್ರೇ."

ಕೆಲಸ ಮುಗಿದರೆ ಲೋಟ ಬರಿದಾಗುವಂತೆ ವೋಡ್ಕಾ ಕುಡಿದು ಅದನ್ನು ನೆನೆಸಬೇಕು, ಇಲ್ಲದಿದ್ದರೆ ಬಾಳುವುದಿಲ್ಲ ಎಂಬುದು ಅಲ್ಲಿಯ ರೂಢಿ. ಇಬ್ಬರೂ ಲೋಟ ಎತ್ತಿದರು. ಲೋಟ ಕೆಳಗಿಡುವುದರೊಳಗೆ ಕೊಕ್ಕೆ, ಗೂಟ, ರೇಡಿಯೇಟರು, ಒಂದು ಬುಟ್ಟಿ ಬಿಳಿ ಪುಡಿ, ಎಲ್ಲ ನೆಲಕ್ಕೆ ಬಂದವು.

"ನೀವು ಅರ್ಧ ಲೋಟ ಕುಡಿದು ಬಿಟ್ರಿ. ಅದಕ್ಕೇ" ಅಂದ ಅಲೋಯ್ಜಿ.

ಎರಡನೆಯ ಸಲ ತೂತು ದೊಡ್ಡದು ಮಾಡಿ ಸಿಮೆಂಟು ತುಂಬಿದ. ಈ ಸಲ ಲಿಯೊಕಾಡಿಯಾ ಲೋಟ ಬರಿದು ಮಾಡಿದಳು. ವಾರ ಕಳೆಯುವುದರೊಳಗೆ ಸಿಮೆಂಟಿನ ಉಂಡೆಗಳು ಬೇರುಸಮೇತ ಹಲ್ಲು ಕಿತ್ತಂತೆ ಕಿತ್ತು ಬಂದವು.

"ಮೇಲೆ ಒದ್ದೆ ಬಟ್ಟೆ ಹಾಕಿದ್ರಾ?"

"ಹಾಕ್ದೇ ಇರ್ತೀನಾ? ಕಾಲುಚೀಲ ಒಣಗಿಸದ ಒಂದು ರೇಡಿಯೇಟರ್ ತೋರ್ಸಿ ಈ ಊರಲ್ಲಿ! ಸಾಕು, ಅದಕ್ಕೆ ಕಾಲು ಹಾಕಿ. ನೆಲದ ಮೇಲೆ ನಿಂತ್ಕೊಳ್ಳಲಿ."

"ನಿಂತ್ಕೊಳ್ಳೋದು ಆಸ್ಪತ್ರೇಲಿ. ಮನೇಲಿ ತೂಗಬೇಕು. ಇಲ್ಲಾಂದ್ರೆ ಅಡಿಯ ನೆಲ ಹೇಗೆ ಒರೆಸ್ತೀರಿ?"

"ಮೊದಲು ಅತ್ತೆ ಉಳೀಲಿ, ನೆಲ ಆಮೇಲೆ!"

ಕಿಟಕಿಗೆ ಮಂಜುಗಡ್ಡೆ ಕಟ್ಟತೊಡಗಿತ್ತು. ಅಡುಗೆಮನೆಯಿಂದ ಕೆಮ್ಮು ಕೇಳುತ್ತಲೇ ಇತ್ತು. ಲಿಯೊಕಾಡಿಯಾ ಅವನ ಉಣ್ಣೆ ಟೋಪಿ ಕಿತ್ತುಕೊಂಡು ಏಪ್ರನ್ನಿನ ಜೇಬಿಗೆ ತುರುಕಿದಳು. "ಇದು ಗೋಡೇಲಿ ನಿಲ್ಲೋತನಕ ಬರೀ ತಲೇಲಿ ಓಡಾಡಿ."

ಮಾರನೆಯ ದಿನ ಅವನು ಗೋಡೆಯನ್ನು ಅಡುಗೆಮನೆಯವರೆಗೂ ಕೊರೆದ. ಉದ್ದನೆಯ ಬೋಲ್ಟುಗಳನ್ನು ಆರಪಾರ ತೂರಿಸಿ, ಆ ಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದ. ಅಡುಗೆಮನೆಯ ಗೋಡೆ ರೈಲಿನ ಎಂಜಿನ್ನಿನಂತೆ ಕಂಡಿತು. ಅಲೋಯ್ಜಿ ರೇಡಿಯೇಟರಿನ ಮೇಲೆ ಹತ್ತಿ ಕೂತು ಕಾಲಾಡಿಸಿದ.

"ಟ್ರಾಮು ತೂಗುಹಾಕಿದ್ರೂ ನಿಲ್ಲುತ್ತೆ. ಕೊಡಿ ಟೋಪಿ."

ಅತ್ತೆಯ ಮಂಚ ರೇಡಿಯೇಟರಿಗೆ ತಾಗಿಕೊಂಡೇ ಬಂತು. ಕ್ರಿಸ್‌ಮಸ್ ಹೊತ್ತಿಗೆ ಕೆಮ್ಮು ಇಳಿಯಿತು. ಅಲೋಯ್ಜಿ ಊರೆಲ್ಲ ತನ್ನ ಬೋಲ್ಟುಗಳ ಕಥೆ ಹೇಳಿಕೊಂಡು ತಿರುಗಿದ.

ಫೆಬ್ರವರಿಯಲ್ಲಿ ಅವನನ್ನೇ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು. ಲಿಯೊಕಾಡಿಯಾ ಕೋಳಿಸಾರು ಒಯ್ದಳು. ಉಪ್ಪು ಕಡಿಮೆ ಎಂದ, ಕುಡಿದ. ಅವಳು ಡಬ್ಬಿ ತೊಳೆದು ಹೊರಟಾಗ ಸೆರಗಿನಂತೆ ಇಳಿಬಿದ್ದ ಅವಳ ಶಾಲು ಹಿಡಿದು ನಿಲ್ಲಿಸಿದ.

"ಅತ್ತೆಯವರ ಮಂಚ ಇನ್ನೂ ಆ ರೇಡಿಯೇಟರ್ ಪಕ್ಕದಲ್ಲೇ ಇದೆಯಾ?"

"ಮತ್ತೆಲ್ಲಿರುತ್ತೆ? ಆ ಬಿಸಿಗೇ ತಾನೆ ಇಷ್ಟೆಲ್ಲ ಒದ್ದಾಡಿದ್ದು?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಕೊನೆಯದಾಗಿ ಅವನು ಅವಳನ್ನು ಕೇಳಿಕೊಂಡದ್ದು ಇಷ್ಟೇ:

"ಯಾರಿಗೂ ಹೇಳ್ಬೇಡಿ. ಮಂಚಾನ ಒಂದು ಮಾರು ಈಚೆಗೆ ಎಳೆದುಬಿಡಿ."